‘ಯಾರಿಗೆ ಎಷ್ಟು?’: ಇಂಗ್ಲಿಷ್ ತರಗತಿಯಲ್ಲಿ ನ್ಯಾಯದ, ನಾಯಕತ್ವದ ಚರ್ಚೆ

(ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಆತ್ಮೀಯ ಶಿಕ್ಷಕ ಬಂಧುಗಳೇ,

ಒಳ್ಳೆಯ ನಾಯಕನ ಗುಣಗಳು ಯಾವುವು? ಎಂಟನೇ ತರಗತಿಯಲ್ಲಿ ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಏನಾಗುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಮುಂದಿನ ಬೆಂಚಿನಿಂದ ‘ಹಾನೆಸ್ಟ್’ ಎಂಬ ಒಂದು ಪದ ಬರುತ್ತದೆ. ಇನ್ನೊಂದು ಕಡೆಯಿಂದ ‘ಬ್ರೇವ್’, ಮತ್ತೊಂದು ಕಡೆಯಿಂದ ‘ಕೈಂಡ್’. ನಾವು ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಅಲ್ಲಿಗೆ ಚರ್ಚೆ ಮುಗಿಯಿತು. ಆಮೇಲೆ ಶಿಕ್ಷಕರ ಕೊಠಡಿಯಲ್ಲಿ ಕುಳಿತು, ಈ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುತ್ತೇವೆ. ಇಲ್ಲವೇ, ಇವರಿಗೆ ಸ್ವಂತ ವಿಚಾರವೇ ಇಲ್ಲ ಎನ್ನುತ್ತೇವೆ.

ಎರಡೂ ನಿಜವಲ್ಲ. ಅದೇ ಮಕ್ಕಳನ್ನು ಮಧ್ಯಾಹ್ನದ ಬಿಡುವಿನಲ್ಲಿ ಆಟದ ಮೈದಾನದಲ್ಲಿ ನೋಡಿ. ಮೊದಲು ಬ್ಯಾಟಿಂಗ್ ಯಾರದು, ನಿನ್ನೆ ಆಡದವನಿಗೆ ಇಂದು ಮೊದಲ ಅವಕಾಶ ಕೊಡಬೇಕೋ ಬೇಡವೋ, ಬ್ಯಾಟ್ ತಂದವನಿಗೆ ಹೆಚ್ಚಿನ ಹಕ್ಕು ಇದೆಯೋ ಇಲ್ಲವೋ ಎಂದು ಅವರು ಕಾರಣ ಕೊಟ್ಟು, ಹಳೆಯ ಉದಾಹರಣೆ ಎತ್ತಿ, ಎದುರಾಳಿಯ ಮಾತಿನಲ್ಲಿನ ಬಿರುಕು ಹುಡುಕಿ ವಾದಿಸುತ್ತಾರೆ. ನ್ಯಾಯದ ವಿಚಾರದಲ್ಲಿ ಹದಿಮೂರು ವರ್ಷದ ಮಕ್ಕಳಷ್ಟು ತೀವ್ರವಾಗಿ ಯೋಚಿಸುವವರು ಕಡಿಮೆ. ತಪ್ಪು ಇರುವುದು ನಮ್ಮ ಪ್ರಶ್ನೆಯಲ್ಲಿ. ಗುಣಗಳ ಪಟ್ಟಿ ಕೇಳಿದರೆ ಪಟ್ಟಿಯೇ ಸಿಗುತ್ತದೆ. ವಾಕ್ಯ ಬೇಕಿದ್ದರೆ, ಒಬ್ಬರು ಇನ್ನೊಬ್ಬರನ್ನು ಒಪ್ಪಿಸಬೇಕಾದ ಸಂದರ್ಭವನ್ನು ನಾವು ಒದಗಿಸಬೇಕು.

ಆದ್ದರಿಂದ ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಬಳಿ ನ್ಯಾಯದ ಬಗ್ಗೆ ಅಭಿಪ್ರಾಯ ಕೇಳಬೇಡಿ, ಹಂಚಿಕೆ ಮಾಡಿಸಿ. ನಾಯಕತ್ವದ ಬಗ್ಗೆ ಅಭಿಪ್ರಾಯ ಕೇಳಬೇಡಿ, ತೀರ್ಮಾನ ಮಾಡಿಸಿ.

ಈ ವಿಚಾರದ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. 1979ರಿಂದ 1984ರವರೆಗೆ, ಇಲ್ಲಿನ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಕಾರದಲ್ಲಿ, ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಒಂದು ಪ್ರಯೋಗ ನಡೆಯಿತು. ಜಗತ್ತಿನ ಭಾಷಾಬೋಧನೆಯ ಗ್ರಂಥಗಳು ಅದನ್ನು ಸಾಮಾನ್ಯವಾಗಿ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಕರೆಯುತ್ತವೆ. ವ್ಯಾಕರಣದ ಪಾಠ, ವಾಕ್ಯರಚನೆಯ ಕಂಠಪಾಠ ಇವನ್ನು ಬದಿಗಿಟ್ಟು, ಮಕ್ಕಳಿಗೆ ಯೋಚಿಸಿ ಬಿಡಿಸಬೇಕಾದ ಕೆಲಸ ಕೊಡುವುದು ಅದರ ರೀತಿ. ರೈಲಿನ ವೇಳಾಪಟ್ಟಿ ನೋಡಿ ಯಾವ ರೈಲು ಹಿಡಿಯಬೇಕೆಂದು ನಿರ್ಧರಿಸುವುದು, ನಕ್ಷೆ ನೋಡಿ ದಾರಿ ಹುಡುಕುವುದು, ಇಂಥವು. ಮನಸ್ಸು ಅರ್ಥದ ಹಿಂದೆ ಓಡುತ್ತಿರುವಾಗ ವ್ಯಾಕರಣ ತಾನಾಗಿ ಒಳಗೆ ಕೂರುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಇಂದು ‘ಟಾಸ್ಕ್ ಆಧಾರಿತ ಬೋಧನೆ’ ಎಂದು ವಿದೇಶದಿಂದ ಬಂದ ಹೊಸ ವಿಧಾನದಂತೆ ನಮ್ಮ ತರಬೇತಿಗಳಲ್ಲಿ ಹೇಳಿಕೊಡುವುದರ ಒಂದು ಮೂಲ ಇಲ್ಲಿದೆ. ಇದನ್ನು ನಾವು ಹೆಮ್ಮೆಯಿಂದ ನೆನೆಯಬೇಕು.

ಪ್ರಭು ಅವರು ತರಗತಿಯ ಚಟುವಟಿಕೆಗಳನ್ನು ಮೂರು ಬಗೆಯಾಗಿ ನೋಡಿದರು. ಒಬ್ಬರಿಗೆ ಗೊತ್ತಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ತಲುಪಿಸುವುದು ಒಂದು. ಕೊಟ್ಟ ಮಾಹಿತಿಯಿಂದ ತರ್ಕ ಮಾಡಿ ಹೊಸದೊಂದನ್ನು ಕಂಡುಹಿಡಿಯುವುದು ಎರಡನೆಯದು. ಸ್ವಂತ ಅಭಿಪ್ರಾಯವನ್ನೋ ಭಾವನೆಯನ್ನೋ ಹೇಳುವುದು ಮೂರನೆಯದು. ಸಾಮಾಜಿಕ ವಿಷಯದ ಚರ್ಚೆ ಈ ಮೂರನೆಯ ಗುಂಪಿಗೆ ಸೇರುತ್ತದೆ. ಆರಂಭದ ಹಂತದ ಕಲಿಕೆಯಲ್ಲಿ ಅವರು ಹೆಚ್ಚು ನೆಚ್ಚಿಕೊಂಡದ್ದು ಎರಡನೆಯದನ್ನು. ಕಾರಣ ಸರಳ. ಅಭಿಪ್ರಾಯ ಕೇಳಿದಾಗ ಸರಿಯುತ್ತರ ಎಂಬುದಿಲ್ಲ. ಸರಿಯುತ್ತರ ಇಲ್ಲದ ಕಡೆ, ಭಾಷೆಯೂ ಕೈಯಲ್ಲಿಲ್ಲದ ಮಗುವಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅದು ಹೆದರಿ ಸುಮ್ಮನಾಗುತ್ತದೆ.

ಹಾಗಾದರೆ ನ್ಯಾಯ, ನಾಯಕತ್ವದಂಥ ವಿಷಯಗಳನ್ನು ಮೇಲಿನ ತರಗತಿಗಳಿಗೆ ಬಿಟ್ಟುಬಿಡಬೇಕೆ? ಬೇಕಿಲ್ಲ. ಅಭಿಪ್ರಾಯದ ಪ್ರಶ್ನೆಯನ್ನು ತರ್ಕದ ಕೆಲಸವಾಗಿ ಮಾರ್ಪಡಿಸಬಹುದು. ಹೇಗೆಂದು ತೋರಿಸುತ್ತೇನೆ.

ಶಾಲೆಯ ಕೈತೋಟದ ತರಕಾರಿ ಮಾರಿ 600 ರೂಪಾಯಿ ಬಂದಿದೆ ಎಂದಿಟ್ಟುಕೊಳ್ಳಿ. ಮೂವರು ಮಕ್ಕಳು ದುಡಿದಿದ್ದಾರೆ. ರವಿ ಆರು ಗಂಟೆ ಕೆಲಸ ಮಾಡಿದ್ದಾನೆ. ಸಲ್ಮಾ ಮೂರು ಗಂಟೆ ಮಾಡಿದ್ದಾಳೆ, ಆದರೆ 60 ರೂಪಾಯಿಯ ಬೀಜ ತನ್ನ ದುಡ್ಡಿನಲ್ಲಿ ತಂದಿದ್ದಾಳೆ. ಗೌರಿಯೂ ಮೂರೇ ಗಂಟೆ ಮಾಡಿದ್ದಾಳೆ, ಏಕೆಂದರೆ ಸಂಜೆ ಬೇಗ ಮನೆಗೆ ಹೋಗಿ ತಮ್ಮನನ್ನು ನೋಡಿಕೊಳ್ಳಬೇಕು. ಯಾರಿಗೆ ಎಷ್ಟು?

ಈಗ ಮಗುವಿನ ಕೈಗೆ ಲೆಕ್ಕ ಸಿಕ್ಕಿತು. ಸಮವಾಗಿ ಹಂಚಿದರೆ ಒಬ್ಬೊಬ್ಬರಿಗೆ 200. ಗಂಟೆಯ ಲೆಕ್ಕ ಹಿಡಿದರೆ ರವಿಗೆ 300, ಉಳಿದಿಬ್ಬರಿಗೆ 150. ಬೀಜದ ದುಡ್ಡನ್ನು ಮೊದಲು ಸಲ್ಮಾಳಿಗೆ ಹಿಂತಿರುಗಿಸಿ ಉಳಿದುದನ್ನು ಗಂಟೆಗಳಿಗೆ ಹಂಚಿದರೆ ರವಿಗೆ 270, ಸಲ್ಮಾಳಿಗೆ 195, ಗೌರಿಗೆ 135. ಮೂರೂ ಲೆಕ್ಕ ಸರಿಯಾಗಿಯೇ ಇವೆ. ಹಾಗಿದ್ದರೂ ಮೂರೂ ಒಟ್ಟಿಗೆ ನಡೆಯುವಂತಿಲ್ಲ, ಒಂದನ್ನು ಆರಿಸಲೇಬೇಕು. ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವುದು ಕೆಲಸವಲ್ಲವೇ ಎಂದು ಯಾವಳಾದರೂ ಹುಡುಗಿ ಕೇಳಿದಳೆಂದರೆ ತರಗತಿ ಅಲ್ಲಿಂದ ಬೇರೆಯೇ ದಾರಿ ಹಿಡಿಯುತ್ತದೆ.

ಇಲ್ಲಿ ಬೇಕಾದ ಭಾಷೆಯನ್ನು ಗಮನಿಸಿ. ‘ಶುಡ್’ ಬೇಕು, ‘ಬಿಕಾಸ್’ ಬೇಕು, ‘ಮೋರ್ ದ್ಯಾನ್’, ‘ಈಚ್’, ‘ಬಟ್’, ‘ಇಫ್’ ಬೇಕು. ವ್ಯಾಕರಣದ ಪಾಠದಲ್ಲಿ ಒಂದೊಂದಕ್ಕೂ ಒಂದೊಂದು ಪೀರಿಯಡ್ ತೆಗೆದುಕೊಂಡರೂ ಮಕ್ಕಳ ಬಾಯಿಗೆ ಬಾರದ ರೂಪಗಳು ಇವು. ಇಲ್ಲಿ ಅವಿಲ್ಲದೆ ಕೆಲಸವೇ ಸಾಗುವುದಿಲ್ಲ. ಅವನ್ನು ವಾಕ್ಯದ ಚೌಕಟ್ಟಾಗಿ ಹಲಗೆಯ ಮೇಲೆ ಮೊದಲೇ ಬರೆದಿಡಿ. ಬರೆದಿಟ್ಟರೆ ಮಕ್ಕಳು ನೋಡಿಕೊಂಡು ಓದುತ್ತಾರಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ಓದಲಿ. ಓದುತ್ತ ಓದುತ್ತ ಆ ಚೌಕಟ್ಟಿನೊಳಗೆ ತಮ್ಮದೇ ಕಾರಣವನ್ನು ತುಂಬುತ್ತಾರೆ, ನಮಗೆ ಬೇಕಾದದ್ದು ಅದೇ.

ಪ್ರಭು ಅವರ ತರಗತಿಗಳಲ್ಲಿ ಇನ್ನೊಂದು ಒಳ್ಳೆಯ ಕ್ರಮವಿತ್ತು. ಮಕ್ಕಳಿಗೆ ಕೆಲಸ ಕೊಡುವ ಮುನ್ನ, ಅಂಥದ್ದೇ ಇನ್ನೊಂದು ಕೆಲಸವನ್ನು ಶಿಕ್ಷಕರು ಇಡೀ ತರಗತಿಯೊಂದಿಗೆ ಸೇರಿ ಬಿಡಿಸುತ್ತಿದ್ದರು. ಇದನ್ನು ದಯವಿಟ್ಟು ಬಿಡಬೇಡಿ. ಕೈತೋಟದ ಲೆಕ್ಕಕ್ಕೆ ಮೊದಲು, ಇಬ್ಬರು ಮಕ್ಕಳ ಸಣ್ಣ ಲೆಕ್ಕವೊಂದನ್ನು ಹಲಗೆಯ ಮೇಲೆ ಗಟ್ಟಿಯಾಗಿ ಯೋಚಿಸುತ್ತ ಬಿಡಿಸಿ ತೋರಿಸಿ. ನಾವು ಇಂಗ್ಲಿಷಿನಲ್ಲಿ ತಡವರಿಸಿ, ಅರ್ಧಕ್ಕೆ ನಿಂತು, ಮನಸ್ಸು ಬದಲಿಸಿ ಮಾತನಾಡುವುದನ್ನು ಮಕ್ಕಳು ಕೇಳಬೇಕು. ಪಠ್ಯಪುಸ್ತಕದ ಇಂಗ್ಲಿಷ್ ಎಂದೂ ತಡವರಿಸುವುದಿಲ್ಲ, ಆದ್ದರಿಂದ ಯೋಚನೆ ಹೇಗೆ ಮಾತಾಗುತ್ತದೆ ಎಂಬುದು ಅದರಿಂದ ತಿಳಿಯುವುದೂ ಇಲ್ಲ.

ಭಾಷೆ ಚಿಕ್ಕದಿದ್ದರೆ ವಿಚಾರವೂ ಚಿಕ್ಕದಿರಬೇಕು ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಇದರಿಂದಾಗಿಯೇ ಹದಿನಾಲ್ಕು ವರ್ಷದ ಮಕ್ಕಳ ಕೈಯಲ್ಲಿ ಬೆಕ್ಕು, ಚಾಪೆ, ಚೆಂಡುಗಳ ಬಗ್ಗೆ ಮಾತನಾಡಿಸುತ್ತೇವೆ. ಅಮರ್ತ್ಯ ಸೇನ್ ಅವರು 2009ರಲ್ಲಿ ನ್ಯಾಯದ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಒಂದು ಕೊಳಲು, ಮೂರು ಮಕ್ಕಳು. ಒಬ್ಬಳಿಗೆ ಮಾತ್ರ ಕೊಳಲು ನುಡಿಸಲು ಬರುತ್ತದೆ. ಇನ್ನೊಬ್ಬ ಬಡವ, ಅವನಿಗೆ ಆಡಲು ಬೇರೇನೂ ಇಲ್ಲ. ಮೂರನೆಯವಳು ಆ ಕೊಳಲನ್ನು ತಿಂಗಳುಗಟ್ಟಲೆ ದುಡಿದು ಮಾಡಿದವಳು. ಕೊಳಲು ಯಾರಿಗೆ ಸೇರಬೇಕು? ಅರ್ಥಶಾಸ್ತ್ರಜ್ಞರೂ ತತ್ತ್ವಶಾಸ್ತ್ರಜ್ಞರೂ ಒಮ್ಮತಕ್ಕೆ ಬಾರದ ಪ್ರಶ್ನೆ ಇದು. ಆದರೆ ಆ ಮೂರು ಮಕ್ಕಳ ವಾದವನ್ನು ಇಂಗ್ಲಿಷಿನಲ್ಲಿ ಹೇಳಲು ಎಷ್ಟು ಪದ ಬೇಕು? ನನಗೆ ನುಡಿಸಲು ಬರುತ್ತದೆ, ನನ್ನ ಬಳಿ ಏನೂ ಇಲ್ಲ, ಇದನ್ನು ಮಾಡಿದವಳು ನಾನು. ಮೂರು ಪುಟ್ಟ ವಾಕ್ಯಗಳು. ಆರನೇ ತರಗತಿಯ ಮಗುವೂ ಹೇಳಬಲ್ಲದು. ಚರ್ಚೆಗೆ ವಿಷಯ ಆರಿಸುವಾಗ ನಾನು ಹುಡುಕುವುದು ಇದನ್ನೇ: ಮಾತು ಸುಲಭವಾಗಿರಬೇಕು, ತೀರ್ಮಾನ ಕಷ್ಟವಾಗಿರಬೇಕು.

ವಯಸ್ಸಿನ ಬಗ್ಗೆಯೂ ಒಂದು ಮಾತು. ನ್ಯಾಯದ ಕಲ್ಪನೆ ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ನೈತಿಕ ವಿವೇಚನೆಯ ಬಗ್ಗೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಏಳೆಂಟು ವರ್ಷದವರೆಗೆ ದೊಡ್ಡವರು ಹೇಳಿದ್ದೇ ನ್ಯಾಯ. ಅನಂತರ ಎಲ್ಲರಿಗೂ ಒಂದೇ ಸಮ ಎಂಬ ಹಟ. ಹನ್ನೊಂದು ಹನ್ನೆರಡರ ಹೊತ್ತಿಗೆ, ಅವರವರ ಪರಿಸ್ಥಿತಿ ನೋಡಿ ಹಂಚಬೇಕು ಎಂಬ ವಿವೇಕ ಮೂಡತೊಡಗುತ್ತದೆ. ನಮ್ಮ ಪ್ರೌಢಶಾಲೆಯ ಮಕ್ಕಳು ಈ ಮೂರನೆಯ ತಿರುವಿನಲ್ಲೇ ಇದ್ದಾರೆ. ಇದಕ್ಕಿಂತ ಒಳ್ಳೆಯ ಹೊತ್ತು ನಮಗೆ ಸಿಗುವುದಿಲ್ಲ.

ಇನ್ನು ನಾಯಕತ್ವ. ನಮ್ಮ ಶಾಲೆಗಳಲ್ಲಿ ಮಗುವಿನ ಕಣ್ಣಿಗೆ ದಿನವೂ ಬೀಳುವ ನಾಯಕರು ಕ್ಲಾಸ್ ಲೀಡರ್. ಅವರ ಮುಖ್ಯ ಕೆಲಸ ಏನು? ಶಿಕ್ಷಕರು ಇಲ್ಲದಾಗ ಮಾತನಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು. ಇದರ ಬಗ್ಗೆ ಗಂಭೀರವಾಗಿ ಯೋಚಿಸಿ. ಮಾತನ್ನು ಕಲಿಸಬೇಕಾದ ಜಾಗದಲ್ಲಿ, ಮಾತನಾಡಿದವರನ್ನು ಹಿಡಿದುಕೊಡುವುದೇ ನಾಯಕತ್ವ ಎಂದು ನಾವು ಕಲಿಸುತ್ತಿದ್ದೇವೆ. ನನ್ನ ಪ್ರಕಾರ ನಾಯಕತ್ವದ ಚರ್ಚೆಯನ್ನು ಗಾಂಧೀಜಿಯಿಂದಾಗಲಿ ಅಬ್ರಹಾಂ ಲಿಂಕನ್‌ನಿಂದಾಗಲಿ ಆರಂಭಿಸಬೇಕಿಲ್ಲ. ಆ ಹಲಗೆಯಿಂದ ಆರಂಭಿಸಬೇಕು.

ಪ್ರಶ್ನೆಯನ್ನು ಹೀಗೆ ಕಟ್ಟಿ. ಲೀಡರ್ ಆಗಿರುವ ಹುಡುಗಿಯ ಆಪ್ತ ಗೆಳತಿ ಮಾತನಾಡಿದ್ದಾಳೆ. ಪಕ್ಕದ ಸಾಲಿನ ಹುಡುಗನೂ ಮಾತನಾಡಿದ್ದಾನೆ, ಆದರೆ ಅವನು ಗೆಳೆಯನಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಮೂರನೆಯವನು ಸುಮ್ಮನೆ ಕೂಗಾಡಿದ್ದಾನೆ. ಯಾರ ಹೆಸರು ಬರೆಯಬೇಕು? ಮೂವರದನ್ನೂ ಬರೆದರೆ ನ್ಯಾಯವೇ? ಯಾರದನ್ನೂ ಬರೆಯದೆ ಸುಮ್ಮನಿದ್ದರೆ ಅವಳು ಕರ್ತವ್ಯ ಬಿಟ್ಟಂತೆಯೇ? ಗೆಳತಿಯ ಹೆಸರು ಬರೆದ ಮೇಲೆ ಅವಳೊಂದಿಗೆ ಏನು ಮಾತನಾಡಬೇಕು? ಈ ಕೊನೆಯ ಪ್ರಶ್ನೆಗೆ ಇಬ್ಬಿಬ್ಬರು ಮಕ್ಕಳು ಸಂಭಾಷಣೆ ಬರೆದು ನಟಿಸಲಿ. ನ್ಯಾಯವಾಗಿ ನಡೆದುಕೊಂಡೂ ಸಂಬಂಧ ಉಳಿಸಿಕೊಳ್ಳುವ ಮಾತು, ಕ್ಷಮೆ ಕೇಳದೆ ಕಾರಣ ಹೇಳುವ ಮಾತು ಯಾವ ಭಾಷೆಯಲ್ಲೂ ಕಷ್ಟ. ಆ ಕಷ್ಟವನ್ನು ಮಕ್ಕಳು ಎರಡನೆಯ ಭಾಷೆಯಲ್ಲಿ ಎದುರಿಸುವಾಗ, ವಿನಯದ ರೂಪಗಳನ್ನು ಅವರೇ ನಮ್ಮ ಬಳಿ ಬಂದು ಕೇಳುತ್ತಾರೆ.

ಶಾಲಾ ಸಂಸತ್ತಿನ ಚುನಾವಣೆಯನ್ನೂ ಹೀಗೆಯೇ ಬಳಸಬಹುದು. ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ ಆಗಬಯಸುವವರು ಭಾಷಣದಲ್ಲಿ ಒಂದೇ ಒಂದು ಕೆಲಸದ ಭರವಸೆ ಕೊಡಲಿ, ಜೊತೆಗೆ ಆ ಕೆಲಸದಿಂದ ಯಾರಿಗೆ ತೊಂದರೆಯಾಗಬಹುದು ಎಂಬುದನ್ನೂ ಹೇಳಲಿ. ಕೇಳುವವರು ತಲಾ ಒಂದು ಪ್ರಶ್ನೆ ಹಾಕಲಿ.

ಮಕ್ಕಳ ಮನಸ್ಸಿನಲ್ಲಿರುವ ನಾಯಕನ ಚಿತ್ರ ಬಹುಮಟ್ಟಿಗೆ ಗಂಡಸಿನದು. ಆದರೆ ಅವರ ಊರು ಬೇರೆ ಕಥೆ ಹೇಳುತ್ತದೆ. ಕರ್ನಾಟಕದಲ್ಲಿ 1987ರ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇಕಡ 25 ಮೀಸಲಾತಿ ಇತ್ತು. 2010ರಲ್ಲಿ ಅದು ಶೇಕಡ 50 ಆಯಿತು. ಹಳ್ಳಿಯ ಶಾಲೆಯಲ್ಲಿ ಯಾರಾದರೊಬ್ಬ ಮಗುವಿನ ತಾಯಿಯೋ ಅತ್ತೆಯೋ ದೊಡ್ಡಮ್ಮನೋ ಪಂಚಾಯಿತಿ ಸದಸ್ಯೆಯಾಗಿರುವುದು ಅಪರೂಪವೇನಲ್ಲ. ಅವರನ್ನು ಮಕ್ಕಳು ಕನ್ನಡದಲ್ಲಿ ಸಂದರ್ಶಿಸಲಿ: ನಿಮ್ಮ ಮಾತನ್ನು ಸಭೆಯಲ್ಲಿ ಕೇಳುತ್ತಾರೆಯೇ, ನೀರಿನ ಕೊಳಾಯಿ ಯಾವ ಬೀದಿಗೆ ಮೊದಲು ಎಂದು ಹೇಗೆ ತೀರ್ಮಾನಿಸಿದಿರಿ? ಕೇಳಿದ್ದನ್ನು ತರಗತಿಗೆ ಬಂದು ಇಂಗ್ಲಿಷಿನಲ್ಲಿ ವರದಿ ಮಾಡಲಿ. ವಿಷಯ ತನಗೆ ಮಾತ್ರ ಗೊತ್ತು, ಕೇಳುವವರಿಗೆ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಮಗುವಿನ ಇಂಗ್ಲಿಷಿಗೆ ಬೇರೆಯೇ ಧೈರ್ಯ ಬರುತ್ತದೆ.

ಈಗ ನನಗೆ ಬಹಳ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ನ್ಯಾಯದ ಬಗ್ಗೆ ಚರ್ಚೆ ನಡೆಯುತ್ತಿರುವ ತರಗತಿಯಲ್ಲಿ ಮಾತು ಯಾರಿಗೆ ಎಷ್ಟು ಹಂಚಿಕೆಯಾಗುತ್ತಿದೆ? ಮುಂದಿನ ಬೆಂಚಿನ ನಾಲ್ಕೈದು ಮಕ್ಕಳು ಎಲ್ಲ ಉತ್ತರ ಹೇಳಿ, ಉಳಿದವರು ಗೋಡೆಯಂತೆ ಕುಳಿತಿದ್ದರೆ, ಆ ಚರ್ಚೆ ತನ್ನ ವಿಷಯವನ್ನೇ ಸುಳ್ಳು ಮಾಡುತ್ತಿದೆ. ಮಕ್ಕಳು ಇದನ್ನು ನಮಗಿಂತ ಬೇಗ ಗುರುತಿಸುತ್ತಾರೆ.

ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಹಿಂದುಳಿದವರು ಎನಿಸಿಕೊಂಡಿದ್ದ ಮಕ್ಕಳೂ ಬಾಯಿ ತೆರೆದರು. ಅವು ಮಕ್ಕಳು ತಮ್ಮದೇ ಭಾಷೆಯಲ್ಲಿ ಉತ್ತರಿಸುತ್ತಿದ್ದ ತರಗತಿಗಳು. ನಮ್ಮ ಮಗು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳಬೇಕು, ಮನೆಮಾತಿನಲ್ಲಿ ಯೋಚಿಸಬೇಕು, ಮತ್ತೆ ಇಂಗ್ಲಿಷಿಗೆ ತರಬೇಕು. ಅದಕ್ಕೆ ಮೂರು ಸೆಕೆಂಡೂ ಸಾಲದು. ಆದ್ದರಿಂದ ಪ್ರಶ್ನೆ ಕೇಳಿ, ಕೈ ಎತ್ತಿದವರನ್ನು ತಕ್ಷಣ ಕರೆಯದೆ, ಎರಡು ನಿಮಿಷ ಪಕ್ಕದವರೊಂದಿಗೆ ಮಾತನಾಡಲು ಬಿಡಿ. ಆ ಎರಡು ನಿಮಿಷ ಯಾವ ಭಾಷೆಯಲ್ಲಾದರೂ ಮಾತನಾಡಲಿ. ನೆನಪಿಡಿ, ಆ ಭಾಷೆ ಕನ್ನಡವೇ ಆಗಿರಬೇಕೆಂದಿಲ್ಲ. ಉರ್ದು, ತೆಲುಗು, ತುಳು, ಲಂಬಾಣಿ ಮನೆಮಾತಿನ ಮಕ್ಕಳಿಗೆ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಒಂದೇ ಮನೆಮಾತಿನ ಇಬ್ಬರಿದ್ದರೆ ಜೊತೆಗೆ ಕೂರಿಸಿ.

ಮಾತಿನ ಹಂಚಿಕೆಗೆ ಒಂದು ಸುಲಭ ಉಪಾಯ ಹುಣಸೆ ಬೀಜ. ಗುಂಪಿನ ಪ್ರತಿ ಮಗುವಿಗೂ ಎರಡೆರಡು ಬೀಜ ಕೊಡಿ. ಒಂದು ಸಲ ಮಾತನಾಡಿದರೆ ಒಂದು ಬೀಜವನ್ನು ನಡುವೆ ಇಡಬೇಕು. ಎರಡೂ ಖರ್ಚಾದವರು ಉಳಿದವರ ಬೀಜ ಮುಗಿಯುವವರೆಗೆ ಕೇಳಿಸಿಕೊಳ್ಳಬೇಕು. ಚೆನ್ನಾಗಿ ಇಂಗ್ಲಿಷ್ ಬರುವ ಮಗು ತನ್ನ ಎರಡು ಅವಕಾಶಗಳನ್ನು ಯೋಚಿಸಿ ಬಳಸುತ್ತದೆ. ಮಾತು ಕಡಿಮೆ ಇರುವ ಮಗುವಿಗೆ ಗುಂಪಿನವರೇ ಪದ ಹೇಳಿಕೊಟ್ಟು ಮಾತನಾಡಿಸುತ್ತಾರೆ, ಏಕೆಂದರೆ ಅದರ ಬೀಜ ಮುಗಿಯದೆ ಆಟ ಮುಂದೆ ಹೋಗುವುದಿಲ್ಲ. ಈ ನಿಯಮ ನ್ಯಾಯವೇ ಎಂಬುದನ್ನೂ ಕೊನೆಗೆ ಚರ್ಚೆಗಿಡಿ. ಹೆಚ್ಚು ಹೇಳಲು ಇರುವವರನ್ನು ಸುಮ್ಮನಿರಿಸುವುದು ಸರಿಯೇ ಎಂದು ಕೇಳುವ ಮಗು ಸಿಗುತ್ತದೆ, ಆ ಪ್ರಶ್ನೆಗೆ ಗೌರವ ಕೊಡಿ.

ಮಗು ವಾದ ಮಾಡುತ್ತಿರುವಾಗ ವ್ಯಾಕರಣ ತಿದ್ದಬೇಡಿ. ಕ್ರಿಯಾಪದದ ರೂಪ ತಪ್ಪಿದ್ದರೆ, ಅದರ ಮಾತನ್ನೇ ಸರಿಯಾದ ರೂಪದಲ್ಲಿ ಪುನರುಚ್ಚರಿಸಿ ಮುಂದೆ ಸಾಗಿ. ಪೀರಿಯಡ್‌ನ ಕೊನೆಯ ಹತ್ತು ನಿಮಿಷ, ಮಕ್ಕಳು ಹೇಳಲು ಪ್ರಯತ್ನಿಸಿದ ನಾಲ್ಕೈದು ವಾಕ್ಯಗಳನ್ನು, ಹೆಸರಿಲ್ಲದೆ, ಹಲಗೆಯ ಮೇಲೆ ಬರೆದು ಎಲ್ಲರೂ ಸೇರಿ ಸರಿಪಡಿಸಿ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನ್ಯಾಯದ ಎಲ್ಲ ಪ್ರಶ್ನೆಗಳನ್ನೂ ಮಕ್ಕಳ ಸ್ವಂತ ಬದುಕಿನಿಂದ ಎತ್ತಿಕೊಳ್ಳಲಾಗದು. ಬಿಸಿಯೂಟದಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡುತ್ತೇವೆ. ಮೊಟ್ಟೆಯೋ ಬಾಳೆಹಣ್ಣೋ ಎಂಬುದು ಮೇಲುನೋಟಕ್ಕೆ ಸೊಗಸಾದ ಚರ್ಚಾವಿಷಯ. ಆದರೆ ಯಾರು ಯಾವ ಮನೆಯವರು ಎಂಬುದನ್ನು ಅದು ಎಲ್ಲರೆದುರು ಬಿಚ್ಚಿಡುತ್ತದೆ. ಶಾಲೆಯ ಅಂಗಳ ಗುಡಿಸುವವರು ಯಾರು, ಶೌಚಾಲಯ ತೊಳೆಯುವವರು ಯಾರು ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿ ನಾವೆಲ್ಲ ತಲೆ ತಗ್ಗಿಸಿದ್ದೇವೆ. ಅಂಥ ನೋವು ಅನುಭವಿಸಿದ ಮಗುವನ್ನು, ಸರಿಯಾಗಿ ಬಾರದ ಭಾಷೆಯಲ್ಲಿ, ಎಲ್ಲರ ಮುಂದೆ ತನ್ನ ಪರ ವಾದಿಸು ಎನ್ನುವುದು ಕ್ರೌರ್ಯ. ಗಾಯ ಆಳವಾಗಿರುವ ಕಡೆ ಬೇರೊಂದು ಊರಿನ, ಕಲ್ಪಿತ ಮಕ್ಕಳ ಕಥೆಯ ಮೂಲಕ ಹೋಗಿ. ಹುಡುಗಿಯರೇ ಏಕೆ ಕಸ ಗುಡಿಸಬೇಕು ಎಂಬಂಥ, ಶಾಲೆಯಲ್ಲೇ ಪರಿಹಾರವಿರುವ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳಿ. ಯಾವುದು ಯಾವ ಬಗೆಯದು ಎಂಬುದು ನಿಮ್ಮ ತರಗತಿಯನ್ನು ಬಲ್ಲ ನಿಮಗೆ ಮಾತ್ರ ಗೊತ್ತು. ಮುದ್ರಿತ ಪ್ರಶ್ನೆಪಟ್ಟಿಗಳನ್ನು ಹಾಗೆಯೇ ಎತ್ತಿ ಬಳಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ನೇರ ಪ್ರಶ್ನೆ ಎತ್ತಿದ ಮೇಲೆ ಅದರ ಫಲಕ್ಕೂ ನಾವು ಸಿದ್ಧರಿರಬೇಕು. ಹೆಸರು ಬರೆಯುವ ಪದ್ಧತಿ ಅನ್ಯಾಯ ಎಂದು ತರಗತಿ ಕಾರಣ ಸಹಿತ ತೀರ್ಮಾನಿಸಿತು ಎನ್ನಿ. ಮರುದಿನವೂ ಲೀಡರ್ ಹೆಸರು ಬರೆಯುತ್ತಿದ್ದರೆ, ಇಂಗ್ಲಿಷಿನಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಮಕ್ಕಳು ಕಲಿಯುತ್ತಾರೆ. ಆ ನಿಯಮವನ್ನು ಒಂದು ತಿಂಗಳ ಮಟ್ಟಿಗಾದರೂ ಬದಲಿಸಿ ನೋಡಿ. ಬದಲಿಸಲಾಗದ ನಿಯಮವಾದರೆ ಏಕೆ ಸಾಧ್ಯವಿಲ್ಲ ಎಂಬ ಕಾರಣವನ್ನು ಮಕ್ಕಳಿಗೆ ಹೇಳಿ, ಅವರು ಅದನ್ನು ಪ್ರಶ್ನಿಸಲಿ. ಶಾಲೆಯ ಅಧಿಕಾರಕ್ಕೆ ಮೀರಿದ ವಿಷಯವಿದ್ದರೆ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಇದೆ. ಇಂಗ್ಲಿಷ್ ತರಗತಿಯಲ್ಲಿ ಕಾರಣಗಳನ್ನು ಜೋಡಿಸಿಕೊಂಡ ಮಗು ಅಲ್ಲಿ ಕನ್ನಡದಲ್ಲಿ ಎದ್ದು ನಿಂತು ರಸ್ತೆದೀಪ ಕೇಳಿದರೆ, ಅದು ನಮ್ಮ ಪಾಠದ ಮುಂದುವರಿಕೆಯೇ.

ಉಪನ್ಯಾಸದ ಬಳಿಕ ಶಿಕ್ಷಕಿಯೊಬ್ಬರು ಕೇಳಿದರು: “ಸರ್, ಪಾಠ ಮುಗಿಸಬೇಕು, ಹತ್ತನೇ ತರಗತಿಯ ಫಲಿತಾಂಶ ತೋರಿಸಬೇಕು. ಇದಕ್ಕೆಲ್ಲ ಸಮಯ ಎಲ್ಲಿದೆ?” ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು: ವಾರಕ್ಕೊಂದು ಚರ್ಚೆ ಬೇಡ ಮೇಡಂ, ಪಠ್ಯದ ಒಂದು ಘಟಕಕ್ಕೆ ಒಂದು ಸಾಕು. ಘಟಕದ ಕಥೆಯಲ್ಲಿ ಯಾರಾದರೂ ಏನನ್ನಾದರೂ ಹಂಚುವ ಅಥವಾ ತೀರ್ಮಾನಿಸುವ ಕ್ಷಣ ಇದ್ದೇ ಇರುತ್ತದೆ, ಅದನ್ನೇ ಪ್ರಶ್ನೆ ಮಾಡಿ. ಮೌಖಿಕ ಭಾಗವನ್ನು ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಕಲಿಕೆಯ ನಡುವೆಯೇ ನಡೆಯುವ ಮೌಲ್ಯಮಾಪನದ, ಚಟುವಟಿಕೆಯಾಗಿ ದಾಖಲಿಸಿ. ಚರ್ಚೆಯ ಮರುದಿನ ಮಕ್ಕಳು ತಮ್ಮ ತೀರ್ಮಾನವನ್ನು ಮುಖ್ಯ ಶಿಕ್ಷಕರಿಗೆ ಪತ್ರದ ರೂಪದಲ್ಲಿ ಬರೆಯಲಿ. ಪತ್ರಲೇಖನ ಹೇಗೂ ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ವ್ಯತ್ಯಾಸವಿಷ್ಟೆ, ಈ ಪತ್ರವನ್ನು ನಿಜವಾಗಿಯೂ ಮುಖ್ಯ ಶಿಕ್ಷಕರ ಮೇಜಿಗೆ ತಲುಪಿಸಿ, ಅವರಿಂದ ಎರಡು ಸಾಲಿನ ಉತ್ತರ ಬರೆಸಿ ತರಗತಿಯಲ್ಲಿ ಓದಬೇಕು.